ಅರ್ಧ ನಾರಾವಿಗೆ ಹೋಗದ ಮೆಸೇಜು

ಮೂಡುಬಿದಿರೆಯ ಒಂದು ಕೃಷಿಕರ ಸಂಘದಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುವವನು. ನಿಜವಾದ ಕೆಲಸ ಎಲ್ಲರ ದನಿ ಅಣಕಿಸಿ ತಮಾಷೆ ಮಾಡುವುದು. ಸಂಬಳ ಮಾತ್ರ ಕಂಪ್ಯೂಟರಿನ ಹೆಸರಲ್ಲಿ. ಅಂದು ಕಾಳುಮೆಣಸಿನ ಸಸಿ ಹಂಚುತ್ತಿದ್ದೆವು; ಬನ್ನಿ ಎಂದು ಸದಸ್ಯರಿಗೆಲ್ಲ ಹಿಂದಿನ ದಿನ ನಾನೇ ಮೆಸೇಜು ಕಳಿಸಿದ್ದೆ. ಸಂಜೆ ಐದರೊಳಗೆ ಬಾರದವರ ಪಾಲು ಬೇರೆಯವರಿಗೆ ಎಂದು ನಿಯಮ. ಬೆಳಿಗ್ಗೆಯೇ ನಾರಾವಿಯ ಅಕ್ಕ ಒಬ್ಬರು ಫೋನ್ ಮಾಡಿದರು.

"ನಮಗೆ ಮೆಸೇಜೇ ಬರ್ಲಿಲ್ಲ ಮಾರಾಯ್ರೆ. ಪಕ್ಕದ ಮನೆಗೆ ಬಂದಿದೆ. ನಾವೆಂಥ, ಸಂಘದವರಲ್ವಾ?"

"ಬಂದಿರ್ತದೆ ಅಕ್ಕ, ಸರಿ ನೋಡಿ."

ಫೋನಿಟ್ಟವನೇ ಅವರ ದನಿ ಅಣಕಿಸಿ ಇಡೀ ಆಫೀಸನ್ನು ನಗಿಸಿದೆ. ಮೂರನೇ ಫೋನೂ ನಾರಾವಿಯಿಂದಲೇ ಬಂದಾಗ ನನ್ನ ಪ್ರೋಗ್ರಾಮು ತೆರೆದು ನೋಡಿದೆ.

ನಮ್ಮ ಡೇಟಾಬೇಸಿನಲ್ಲಿ ಸದಸ್ಯರು ಸದಸ್ಯ ಸಂಖ್ಯೆಯ ಪ್ರಕಾರ ಇರುತ್ತಾರೆ. ಊರುಗಳ ಅಕಾರಾದಿಯ ಪ್ರಕಾರವೂ ಬೇಗ ಸಿಗಲೆಂದು ನಾನು ಇನ್ನೊಂದು ಇಂಡೆಕ್ಸ್ ಮಾಡಿದ್ದೆ, ಪುಸ್ತಕದ ಕೊನೆಯ ಪದಸೂಚಿಯ ಹಾಗೆ. ಮೆಸೇಜು ಒಮ್ಮೆಗೆ ನೂರು ಜನಕ್ಕೆ ಮಾತ್ರ ಹೋಗುತ್ತದೆ. ಆದ್ದರಿಂದ ನೂರು ಹೆಸರು ತೆಗೆದು, ಕೊನೆಯವರ ಊರನ್ನು ಗುರುತಿಟ್ಟುಕೊಂಡು, ಮುಂದಿನ ಸಲ 'ಆ ಊರಿನ ನಂತರದವರು' ಎಂದು ಕೇಳುವಂತೆ ಬರೆದಿದ್ದೆ. ಮೊದಲ ನೂರು ಅಳದಂಗಡಿಯಿಂದ ಹೊರಟು ನಾರಾವಿಯವರ ನಡುವೆಯೇ ಮುಗಿದಿತ್ತು. ಎರಡನೆಯದು ನೇರ ಪುತ್ತಿಗೆಯಿಂದ! ಪರೀಕ್ಷೆ ಮಾಡಿರಲಿಲ್ಲವೆಂದಲ್ಲ, ಊರಿಗೊಬ್ಬರಂತೆ ಹತ್ತು ಸುಳ್ಳು ಸದಸ್ಯರನ್ನು ಹಾಕಿ ಮಾಡಿದ್ದೆ. ಒಂದು ಊರಲ್ಲಿ ಇಬ್ಬರು ಇರಬಹುದೆಂದು ಹೊಳೆಯದಷ್ಟು ಬುದ್ಧಿವಂತ ನಾನು.

ಕಾರ್ಯದರ್ಶಿಯವರಲ್ಲಿ ಒಪ್ಪಿಕೊಂಡೆ. ಅವರು ಕನ್ನಡಕ ತೆಗೆದರು.

"ಅಂದ್ರೆ ಮದುವೆ ಊಟದ ಮೊದಲ ಪಂಕ್ತಿಯಲ್ಲಿ ನಾರಾವಿಯವರು ಅರ್ಧ ಜನ ಕೂತ್ರು. ಎರಡನೇ ಪಂಕ್ತಿಗೆ ನೀನು 'ನಾರಾವಿ ಆಯ್ತು, ಪುತ್ತಿಗೆಯವರು ಬನ್ನಿ' ಅಂದದ್ದು. ನಿಂತಿದ್ದವರು ಉಣ್ಣದೆ ಮನೆಗೆ ಹೋಗುದಾ ಮಾರಾಯ?"

ನನ್ನ ಪ್ರೋಗ್ರಾಮು ನನಗಿಂತ ಅವರಿಗೇ ಚೆನ್ನಾಗಿ ಅರ್ಥವಾಗಿತ್ತು.

ಊರಿನ ಜತೆ ಸದಸ್ಯ ಸಂಖ್ಯೆಯನ್ನೂ ಗುರುತಿಡುವಂತೆ ತಿದ್ದಿದೆ. ಅದೇ ಊರಲ್ಲಿ ಆ ಸಂಖ್ಯೆಯ ನಂತರದವರೆಲ್ಲ ಮುಗಿದ ಮೇಲೆಯೇ ಮುಂದಿನ ಊರು. ಬಿಟ್ಟುಹೋಗಿದ್ದ ಹತ್ತೊಂಬತ್ತು ಮನೆಗಳು ಹೊರಬಿದ್ದವು. ಅಷ್ಟರಲ್ಲಿ ಗಂಟೆ ಮೂರು.

"ಅವರು ಇಷ್ಟೊತ್ತಿಗೆ ಬರುದು ಬೇಡ. ಅವರ ಸಸಿ ತೆಗೆದಿಡುವ. ನೀನೇ ಕೊಟ್ಟು ಬಾ," ಎಂದರು ಕಾರ್ಯದರ್ಶಿ.

ಟೆಂಪೋದ ಹಿಂದೆ ಸಸಿಗಳ ನಡುವೆ ಮಂಡಿ ಮಡಚಿ ಕೂತು ಹೋದೆ. ಮೊದಲು ಫೋನ್ ಮಾಡಿದ್ದ ಅಕ್ಕನದು ಕೊನೆಯ ಮನೆ. ಅವರು ನನ್ನನ್ನು ನೋಡಲಿಲ್ಲ, ಸಸಿಗಳ ಪ್ಲಾಸ್ಟಿಕ್ ತೊಟ್ಟೆ ಒಂದೊಂದಾಗಿ ಎತ್ತಿ ನೋಡಿದರು.

"ಇದರಲ್ಲಿ ನಾಲ್ಕು ಬಾಡಿದೆ."

"ನಾಳೆ ಬದಲು ಕಳಿಸ್ತೇನೆ ಅಕ್ಕ. ಹೊರಡುವಾಗ ಮೆಸೇಜ್ ಮಾಡ್ತೇನೆ."

"ಮೆಸೇಜ್ ಬೇಡ," ಎಂದರು ಅಕ್ಕ. "ಸಸಿಯನ್ನೇ ತನ್ನಿ."