ಹೊಗಳಬಾರದ ಮನೆ

ಇಷ್ಟವಾದದ್ದನ್ನು ಇಷ್ಟವಿಲ್ಲದವನಂತೆ ನೋಡುವ ವಿದ್ಯೆ ನನಗೆ ಕೊನೆಗೂ ಹತ್ತಲಿಲ್ಲ. ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟು ಬರುವ ಮೊದಲೇ ಒಪ್ಪಿಗೆ ಎಂದುಬಿಟ್ಟವನು ನಾನು. ಆ ಹೆಣ್ಣೇ, ಅಂದರೆ ನನ್ನ ಹೆಂಡತಿ ರತ್ನ, ಅಂದಿನಿಂದಲೂ ನನ್ನ ಈ ದೋಷವನ್ನು ತಿದ್ದಲು ನೋಡುತ್ತಿದ್ದಾಳೆ. ಅದರಿಂದ ಲಾಭವಾದದ್ದು ಯಾರಿಗೆ ಎಂದು ಮಾತ್ರ ಕೇಳಬಾರದು.

ಚನ್ನಪಟ್ಟಣದಲ್ಲಿ ನಮ್ಮ ಕೆರೆ ಏರಿಗೆ ಆತುಕೊಂಡು ಒಂದು ಹಳೆಯ ಬೀದಿಯಿದೆ. ಕಂಬದ ಜಗಲಿಗಳು, ನಾಡಹೆಂಚು, ಬೀದಿಯುದ್ದಕ್ಕೂ ಹೊಂಗೆ ಮರ. ಮೇಷ್ಟ್ರಾಗಿ ಸೈಕಲ್ ತುಳಿಯುತ್ತಿದ್ದ ಕಾಲದಲ್ಲಿ ನಾನು ಹತ್ತಿರದ ದಾರಿ ಬಿಟ್ಟು ಆ ಬೀದಿ ಸುತ್ತಿಕೊಂಡೇ ಶಾಲೆಗೆ ಹೋಗುತ್ತಿದ್ದೆ. ತಡವಾದಾಗ ಪಂಕ್ಚರ್ ಎಂದು ಹೆಡ್‌ಮಾಸ್ಟರಿಗೆ ಸುಳ್ಳು ಹೇಳುತ್ತಿದ್ದೆ. ಹಿರಿಯರು ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು. ಕೊಂಡು ನೋಡು ಎನ್ನಲಿಲ್ಲ. ಹೆಂಡತಿಯ ಜೊತೆ ಮನೆ ಕೊಳ್ಳಲು ಹೊರಟವನಿಗೆ ಬೇರೆ ಗಾದೆಯೇ ಬೇಡ ಎಂದುಕೊಂಡಿರಬೇಕು.

ಆ ಬೀದಿಯ ಸಿದ್ದಪ್ಪನವರು ಮನೆ ಮಾರುತ್ತಾರಂತೆ ಎಂದು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಅವರದು ಮರದ ಬೊಂಬೆ ಮಾಡುವ ಕಸುಬು. ಕನಕಪುರದಲ್ಲಿ ಮಗಳಿಗೆ ಅವಳಿ ಮಕ್ಕಳಾಗಿದ್ದವು. ಎತ್ತಿಕೊಳ್ಳಲು ಕೈ ಸಾಲದೆ ಅಪ್ಪ ಅಮ್ಮನನ್ನು ಅಲ್ಲಿಗೇ ಕರೆಸಿಕೊಳ್ಳುತ್ತಿದ್ದಳು. ಹೆದ್ದಾರಿಯ ಅಂಗಡಿಯವನೊಬ್ಬ ಆಗಲೇ ಬಂದು, ಮನೆ ಮುಂದಿನ ಹೊಂಗೆ ಕಡಿದರೆ ಎರಡು ಕಾರು ನಿಲ್ಲಿಸಬಹುದೆಂದು ಹೆಜ್ಜೆ ಹಾಕಿ ಅಳೆದು ಹೋಗಿದ್ದ. ನಾನು ತಡಮಾಡಿದರೆ ಮನೆಯೂ ಇಲ್ಲ, ಮರವೂ ಇಲ್ಲ.

ರತ್ನ ರಾಮನಗರದ ರೀಲರ್ ಮಗಳು. ನೂಲು ತೆಗೆಯುವ ಈ ರೀಲರುಗಳು ಗೂಡಿನ ಮಾರ್ಕೆಟ್ಟಿನಲ್ಲಿ ಹಿಡಿ ರೇಷ್ಮೆಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಬೆಲೆ ಇಳಿಯಲೆಂದು ಮೂಗು ಮುರಿಯುತ್ತಾರೆ. ಮಾಲು ಚೆನ್ನಾಗಿದ್ದಷ್ಟೂ ಮೂಗು ಹೆಚ್ಚು ಮುರಿಯಬೇಕು. ಬಾಯಿತಪ್ಪಿ ಹೊಗಳಿದವನು ಕೆಟ್ಟ. ಗೂಡು ಬೆಳೆದವನಿಗೂ ಇದು ಗೊತ್ತು, ಆದ್ದರಿಂದ ಯಾರಿಗೂ ಬೇಸರವಿಲ್ಲ. "ರೀ, ಅಲ್ಲಿ ನೀವು ಬಾಯಿ ಬುಡಂಗಿಲ್ಲ," ಎಂದು ರತ್ನ ಮನೆ ನೋಡಲು ಹೋಗುವ ದಾರಿಯಲ್ಲೇ ತಾಕೀತು ಮಾಡಿದಳು.

ನಾನು ಹೊಸ್ತಿಲು ದಾಟುವ ಮೊದಲೇ ಬಾಯಿ ಬಿಟ್ಟೆ. ಗಾಳಿ ಹೊಗಳಿದೆ, ತೊಲೆ ಹೊಗಳಿದೆ, ಕಿಟಕಿಯಲ್ಲಿ ಕಂಡ ಕೆರೆಯನ್ನು ಎರಡು ಸಲ ಹೊಗಳಿದೆ. ನನ್ನ ತಪ್ಪು ಮುಚ್ಚಲು ರತ್ನ ಅದರ ಎರಡರಷ್ಟು ಹಳಿಯಬೇಕಾಯಿತು.

"ಹೊಂಗೆ ಎಲೆ ಗುಡ್ಸಕ್ಕೇ ಒಂದಾಳು ಬೇಕು. ಆ ಗೋಡೇಲಿ ತ್ಯಾವ ಐತೆ. ಹೆಂಚು ಮೂರು ಕಡೆ ಸೋರ್ತದೆ. ಇನ್ನು ಸೊಳ್ಳೆ ಕಾಟ ಕೇಳ್ಲೇಬೇಡಿ!"

ಆದರೆ ಸಿದ್ದಪ್ಪನವರು ಗೂಡಿನ ಮಾರ್ಕೆಟ್ಟು ಕಂಡವರಲ್ಲ. ಅವರ ಬೊಂಬೆ ಕೊಂಡವರೆಲ್ಲ ನಗುನಗುತ್ತಾ ಕೊಂಡವರು. ಅವರ ಮುಖ ಸಣ್ಣದಾಯಿತು. "ಇಷ್ಟೊಂದು ಕುಂದು ಇರೋ ಮನೆ ನಿಮಗ್ಯಾಕೆ ತಾಯಿ? ಬುಟ್ಬುಡಿ," ಎಂದು ಎದ್ದು ಹಿತ್ತಲಿಗೆ ಹೋಗಿಬಿಟ್ಟರು.

ತಿರುಗಿ ನೋಡಿದರೆ ರತ್ನಳ ಕಣ್ಣಲ್ಲಿ ನೀರು. ಅವಳು ಯಾವ ಮಾಲಿಗೂ ಇಷ್ಟು ಮೂಗು ಮುರಿದದ್ದನ್ನು ನಾನು ಕಂಡಿರಲಿಲ್ಲ. ಈ ಮನೆ ಅವಳಿಗೆ ನನಗಿಂತ ಹೆಚ್ಚು ಬೇಕಾಗಿತ್ತು ಎಂಬುದು ನನ್ನ ಮಂದಬುದ್ಧಿಗೆ ಆಗ ಹೊಳೆಯಿತು. ಪಾಪ ಅನ್ನಿಸಿತು.

ಅಷ್ಟರಲ್ಲಿ ಸಿದ್ದಪ್ಪನವರ ಹೆಂಡತಿ ಪುಟ್ಟಮ್ಮ ಕಾಫಿ ಲೋಟ ಹಿಡಿದು ಹೊರಗೆ ಬಂದರು. ಹಿತ್ತಲಿಗೆ ಕೇಳುವಂತೆ ದನಿ ಎತ್ತಿದರು.

"ಬನ್ನಿ ಇಲ್ಲಿ! ಆ ಎಲೆ, ಆ ತ್ಯಾವ, ಆ ಸೊಳ್ಳೆ, ಮದ್ವೆಯಾಗಿ ಬಂದಾಗ್ನಿಂದ ಹೇಳ್ತಾ ಇವ್ನಿ, ಒಂದಿನ ಕೇಳುಸ್ಕಂಡ್ರಾ? ಈಯಮ್ಮ ಒಂದೇ ಗಳಿಗೇಲಿ ಕಂಡ್ಬುಟ್ಳು. ಮನೇನ ಇವ್ಳಿಗೇ ಕೊಡದು. ಮೇಷ್ಟ್ರೂ ಇರ್ಲಿ, ನಿಮ್ಮಂಗೇ ಕಿಟ್ಕೀಲಿ ಗಾಳಿ ಕುಡ್ಕಂಡು."

ಬೆಲೆಯ ಮಾತನ್ನು ಹೆಂಗಸರಿಬ್ಬರೇ ಅಡುಗೆಮನೆಯಲ್ಲಿ ಮುಗಿಸಿದರು. ಜಗಲಿಯ ಮೇಲೆ ಕೂತ ನಾನೂ ಸಿದ್ದಪ್ಪನವರೂ ಕೆರೆ ಎಷ್ಟು ಚೆಂದ ಎಂದು ಮಾತಾಡಿಕೊಂಡೆವು.

ಮನೆ ಎಷ್ಟೋ ವರ್ಷಗಳಿಂದ ಪುಟ್ಟಮ್ಮನವರ ಹೆಸರಿನಲ್ಲೇ ಇತ್ತೆಂಬುದು ಗೊತ್ತಾದದ್ದು ರಿಜಿಸ್ಟ್ರಾರ್ ಆಫೀಸಿನಲ್ಲಿ. ಕೊಟ್ಟವರು ಪುಟ್ಟಮ್ಮ, ಅವರ ಷರತ್ತಿನಂತೆ ಕೊಂಡವಳು ರತ್ನ. ಗಂಡಸರಿಬ್ಬರೂ ಸಾಕ್ಷಿಯ ಜಾಗದಲ್ಲಿ, ಒಬ್ಬರ ಕೆಳಗೊಬ್ಬರು ಸಹಿ ಹಾಕಿದೆವು.