ಬೆರಳ ತುದಿಯ ಬಿಳಿ ಕಲೆ

ನಾನು ರಾಕೆಟ್ ಸೈಂಟಿಸ್ಟ್ ಅಲ್ಲ. ಈ ಮಾತನ್ನು ವಿಜಯನಗರದ ನಮ್ಮ ಬೀದಿಯಲ್ಲಿ ಯಾರೂ ಒಪ್ಪುವುದಿಲ್ಲ, ಯಾಕೆಂದರೆ ಊರಿಗೆಲ್ಲ ನಾನು ಅದೇ ಅಂತ ಸಾರಿರುವವರು ನಮ್ಮತ್ತೆ. ಹಾಲಿನ ಬೂತಿನವರಿಂದ ಹಿಡಿದು ಇಸ್ತ್ರಿ ಅಂಗಡಿಯವರ ತನಕ ಎಲ್ಲರಿಗೂ ನಾನು ರಾಕೆಟ್ ಹಾರಿಸುವ ಸೊಸೆ. ಒಂದು ಸಲ ಇಸ್ತ್ರಿಯವನು ನನ್ನ ಚೂಡಿದಾರದ ಮೇಲಿದ್ದ ಗ್ರೀಸ್ ಕಲೆ ತೋರಿಸಿ, "ಮೇಡಂ, ಇದು ಮೇಲ್ಗಡೆಯಿಂದ ಬಂದಿದ್ದಾ?" ಅಂತ ಕೇಳಿದ. ಅವನ ಮುಖದಲ್ಲಿದ್ದ ಭಕ್ತಿ ನೋಡಿ, ಇಲ್ಲಪ್ಪಾ, ಗೇಟಿನ ಕೀಲಿಂದ ಬಂದಿದ್ದು ಅನ್ನಲು ನನಗೆ ಬಾಯಿ ಬರಲಿಲ್ಲ.

ನಿಜವಾದ ಕೆಲಸ ಇಷ್ಟೇ. ಕೆಂಗೇರಿಯಿಂದಾಚೆ, ಸುತ್ತ ಎತ್ತರದ ಕಾಂಪೌಂಡ್ ಇರುವ ಒಂದು ಶೆಡ್ಡಿನಲ್ಲಿ ನಮ್ಮದೊಂದು ಪುಟ್ಟ ಕಂಪನಿ. ಆಕಾಶದಲ್ಲಿರುವ ಉಪಗ್ರಹವನ್ನು ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ತಿರುಗಿಸುವ ಥ್ರಸ್ಟರ್ ಎಂಬ ಪುಟಾಣಿ ಎಂಜಿನ್ನನ್ನು ಅಲ್ಲಿ ಮಾಡುತ್ತಾರೆ. ನಾನು ಅದನ್ನು ಪರೀಕ್ಷೆ ಮಾಡುವವಳು. ಅದಕ್ಕಿರುವ ಶಕ್ತಿ ಎಷ್ಟೆಂದರೆ, ಎರಡು ನಿಂಬೆಹಣ್ಣನ್ನು ಎತ್ತಿ ಹಿಡಿಯಬಹುದು. ಮೂರನೆಯದನ್ನು ಇಟ್ಟರೆ ಅನುಮಾನ. ಭಾರವೇ ಇಲ್ಲದ ಜಾಗದಲ್ಲಿ ಅಷ್ಟೇ ಸಾಕು ಎಂದು ನಾನು ಎಷ್ಟು ಸಲ ವಿವರಿಸಿದರೂ ಕೇಳಿದವರ ಮುಖ ಸಪ್ಪಗಾಗುತ್ತದೆ. ಮಿಕ್ಕ ದಿನ ರಾಕೆಟ್ಟಿನ ಪಂಪಿನ ಬಿಡಿಭಾಗಗಳನ್ನು ನೀರು ಹಾಯಿಸಿ ತಿರುಗಿಸಿ ನೋಡುತ್ತೇನೆ. ಹಿಂದಿನ ಕೆಲಸದಲ್ಲಿ ಬೋರ್‌ವೆಲ್ ಪಂಪುಗಳನ್ನು ಹೀಗೇ ನೋಡುತ್ತಿದ್ದೆ. ಪಾತಾಳದಿಂದ ಅಂತರಿಕ್ಷಕ್ಕೆ ಬಡ್ತಿ ಸಿಕ್ಕಿದ್ದರೂ ಬಕೆಟ್ಟು, ಒರೆಸುವ ಬಟ್ಟೆ ಮಾತ್ರ ಕೈ ಬಿಟ್ಟಿಲ್ಲ.

ಹೊಸ ಕೆಲಸಕ್ಕೆ ಸೇರಿದ ವಾರ ಅತ್ತೆ ಹುರುಳಿಕಾಯಿ ಮುರಿಯುತ್ತಾ ಕೂತಿದ್ದರು. "ಹಸಿರು ಇಂಧನ ಅಂತೀಯಲ್ಲ, ಅದೇನು ಹಸಿರು ಬಣ್ಣ ಇರುತ್ತಾ?"

"ಇಲ್ಲ ಅತ್ತೆ, ನೀರಿನ ಥರ ಇರುತ್ತೆ. ಹಳೇ ಇಂಧನ ವಿಷ. ಅದರ ಹತ್ರ ಹೋಗೋರು ತಲೆಯಿಂದ ಕಾಲವರೆಗೂ ಮುಚ್ಕೊಂಡು ಹೋಗ್ಬೇಕು. ನಮ್ಮದು ಹೈಡ್ರೋಜನ್ ಪೆರಾಕ್ಸೈಡ್. ಗಾಯ ತೊಳೆಯೋಕೆ ಮೆಡಿಕಲ್ ಶಾಪಲ್ಲಿ ಕೊಡ್ತಾರಲ್ಲ, ಅದರ ದೊಡ್ಡಣ್ಣ ಅಂದ್ಕೊಳ್ಳಿ. ಕೊನೆಗೆ ಆಚೆ ಬರೋದು ಬರೀ ಹಬೆ, ಆಕ್ಸಿಜನ್ನು. ಯಾರಿಗೂ ಏನೂ ಮಾಡಲ್ಲ."

ಆ ಕೊನೆಯ ವಾಕ್ಯವನ್ನು ನಾನು ಹೇಳಬಾರದಿತ್ತು. ದೊಡ್ಡಣ್ಣನಿಗೂ ತಮ್ಮನಿಗೂ ಇರುವ ವ್ಯತ್ಯಾಸ ಏನೆಂದರೆ, ಮೆಡಿಕಲ್ ಶಾಪಿನದರಲ್ಲಿ ಮುಕ್ಕಾಲುಪಾಲಿಗಿಂತ ಹೆಚ್ಚು ನೀರು, ನಮ್ಮದರಲ್ಲಿ ನೀರು ಹೆಸರಿಗಷ್ಟೇ. ಅದು ಚರ್ಮಕ್ಕೆ ಒಂದಿಷ್ಟು ತಾಗಿದರೂ ಆ ಜಾಗ ಚುರುಗುಟ್ಟಿ, ಸುಣ್ಣ ಹಚ್ಚಿದ ಹಾಗೆ ಬೆಳ್ಳಗಾಗುತ್ತದೆ. ಕೂಡಲೇ ನೀರಲ್ಲಿ ಚೆನ್ನಾಗಿ ತೊಳೆದುಕೊಂಡರೆ ಒಂದೆರಡು ಗಂಟೆಯಲ್ಲಿ ಬಿಳುಪು ತಾನಾಗಿ ಮಾಯವಾಗುತ್ತದೆ. ಇದಕ್ಕೆ ಗ್ಲೌಸು ಹಾಕಬೇಕು, ಗ್ಲೌಸನ್ನು ತೊಳೆದ ಮೇಲೆಯೇ ಬಿಚ್ಚಬೇಕು ಎಂದು ಶೆಡ್ಡಿನ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿದವಳು ನಾನೇ. ಹೊಸದಾಗಿ ಸೇರಿದವರಿಗೆಲ್ಲ ಅದರ ಮೇಲೆ ಭಾಷಣ ಕೊಡುವವಳೂ ನಾನೇ. ಇಡೀ ಶೆಡ್ಡಿನಲ್ಲಿ ವಾರಕ್ಕೊಂದು ಸಲ ಬೆರಳು ಬೆಳ್ಳಗೆ ಮಾಡಿಕೊಳ್ಳುತ್ತಿದ್ದವಳು ಕೂಡ ನಾನೊಬ್ಬಳೇ.

ಅತ್ತೆಯ ಕಣ್ಣಿಗೆ ಇದು ಬಿದ್ದದ್ದು ಬಸವೇಶ್ವರನಗರದ ಒಂದು ಛತ್ರದಲ್ಲಿ. ನೆಂಟರ ಮನೆಯ ನಿಶ್ಚಿತಾರ್ಥ. ಕೆಲಸ ಮುಗಿಸಿ ನೇರವಾಗಿ ಬಂದು, ಬಾತ್‌ರೂಮಿನಲ್ಲೇ ಸೀರೆ ಉಟ್ಟು, ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದೆ. ದೂರದ ಸಂಬಂಧದ ಒಬ್ಬ ಅಜ್ಜಿ ನನ್ನ ಕೈ ಹಿಡಿದು, ಕನ್ನಡಕ ಮೇಲೆತ್ತಿ, "ಇದೇನೇ ತಾಯಿ, ಬೆರಳ ತುದಿ ಹೀಗೆ ಬೆಳ್ಳಗಾಗಿದೆ?" ಅಂತ ಸಭೆಗೆಲ್ಲ ಕೇಳಿಸುವಂತೆ ಕೇಳಿದರು. ಸುತ್ತಲಿದ್ದ ಹೆಂಗಸರು ಒಮ್ಮೆಲೇ ಸುಮ್ಮನಾದರು. ತೊನ್ನು ಎನ್ನುವ ಮಾತನ್ನು ಯಾರೂ ಆಡಲಿಲ್ಲ. ಆಡದೆ ಇದ್ದದ್ದು ಇನ್ನೂ ಜೋರಾಗಿ ಕೇಳಿಸಿತು.

ಮನೆಗೆ ಬರುವಾಗ ಆಟೋದಲ್ಲಿ ಇದ್ದ ವಿಷಯ ಹೇಳಿದೆ. "ಅತ್ತೆ, ಅದು ನಮ್ಮ ಇಂಧನ ತಾಗಿ ಆಗಿದ್ದು. ಬೆಳಿಗ್ಗೆಗೆ ಇರಲ್ಲ."

"ನೀನೇ ಅಲ್ವಾ ಹೇಳಿದ್ದು, ಅದು ಯಾರಿಗೂ ಏನೂ ಮಾಡಲ್ಲ ಅಂತ?"

"ಹೇಳಿದ್ದೆ. ಆದ್ರೆ..."

"ಬಿಡಮ್ಮ. ನನ್ನ ಸಮಾಧಾನಕ್ಕೆ ಕತೆ ಕಟ್ಟಬೇಡ. ಏನೇ ಬಂದ್ರೂ ನಾನಿದೀನಿ," ಅಂದು ನನ್ನ ಕೈಯನ್ನು ತಮ್ಮ ಸೆರಗಿನಲ್ಲಿ ಮುಚ್ಚಿಟ್ಟುಕೊಂಡರು. ಆ ಪ್ರೀತಿಯ ಎದುರು ರಸಾಯನಶಾಸ್ತ್ರ ಏನು ಮಾಡೀತು.

ಮುಂದಿನ ಸಲ ಕಲೆ ಕಂಡ ದಿನವೇ ರಾಜಾಜಿನಗರದ ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಟೋಕನ್ ಸಿಕ್ಕಿ ನಮ್ಮ ಸರದಿ ಬರುವಷ್ಟರಲ್ಲಿ ಬೆರಳು ಮೊದಲಿನಂತಾಗಿತ್ತು. ಡಾಕ್ಟರಮ್ಮ ದೀಪ ಹಿಡಿದು ಹತ್ತೂ ಬೆರಳು ನೋಡಿದರು. "ಎಲ್ಲಿದೆಯಮ್ಮಾ?"

"ಆಗಲೇ ಇತ್ತು ಡಾಕ್ಟ್ರೇ, ನಾನೇ ಕಣ್ಣಾರೆ ನೋಡ್ದೆ," ಅತ್ತೆ ಪ್ರಮಾಣ ಮಾಡಿದರು.

ಡಾಕ್ಟರಮ್ಮ ಒಳ್ಳೆಯವರು. ಬಿಳಿ ಮಚ್ಚೆ ಬಂದರೂ ಅದು ಅಂಟುವಂಥದ್ದಲ್ಲ, ಅವಮಾನ ಪಡುವಂಥದ್ದೂ ಅಲ್ಲ ಎಂದು ಬಿಡಿಸಿ ಹೇಳಿದರು. ಆಮೇಲೆ, ಇಷ್ಟು ದೂರ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆಂದು ಅತ್ತೆಯ ಒಡೆದ ಹಿಮ್ಮಡಿಗೆ ಮುಲಾಮು ಬರೆದುಕೊಟ್ಟರು.

ಡಾಕ್ಟರಿಂದ ಆಗದ್ದು ದೇವರಿಂದ ಆಗಲಿ ಎಂದು ಅತ್ತೆ ಶ್ರೀಗಂಧದ ಕಾವಲಿನ ಅಶ್ವತ್ಥಕಟ್ಟೆಯ ನಾಗರಕಲ್ಲಿಗೆ ಹಾಲೆರೆಯಲು ಶುರು ಮಾಡಿದರು. ಹಾಲೆರೆದು ಬಂದು ನೋಡಿದರೆ ಕಲೆ ಮಾಯ. ಅವರ ಮುಖ ಅರಳಿತು. ಮುಂದಿನ ವಾರ ಕಲೆ ಮತ್ತೆ ಬಂತು. ಅತ್ತೆ ಬಹಳ ಹೊತ್ತು ಯೋಚಿಸಿ, "ಪ್ಯಾಕೆಟ್ ಹಾಲು ಹಾಕಿದ್ದು ತಪ್ಪಾಯ್ತು ಕಣೇ," ಅಂದರು. ಮರುದಿನದಿಂದ ಎಲ್ಲಿಂದಲೋ ಹುಡುಕಿ ಹಸುವಿನ ಹಾಲು ತರಿಸಿದರು. ನಾನು ಏನು ಹೇಳಿದರೂ ತಲೆ ಸವರುತ್ತಿದ್ದರು, ಅಷ್ಟೇ. ಗಂಡನನ್ನು ಸಾಕ್ಷಿಗೆ ಕರೆದರೆ ಅವರು ಪೇಪರ್ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದರು.

ಕೊನೆಗೆ ಅತ್ತೆಯನ್ನು ಶೆಡ್ಡಿಗೇ ಕರೆದುಕೊಂಡು ಹೋಗುವುದು ಸರಿ ಅನ್ನಿಸಿತು. ನಮ್ಮ ಗುಂಪಿನ ಮುಖ್ಯಸ್ಥರನ್ನು ಕೇಳಿದೆ. ಅವರನ್ನು ನಾವು ಸಾರ್ ಎನ್ನುತ್ತೇವೆ. ಮಿತವಾಗಿ ಮಾತಾಡುವ, ನಗುವುದಕ್ಕೂ ಒಂದು ಪರೀಕ್ಷೆ ನಡೆಸಿ ಆಮೇಲೆ ನಗುವಂಥ ಮನುಷ್ಯ. "ಕರ್ಕೊಂಡು ಬನ್ನಿ. ಕಂಟ್ರೋಲ್ ರೂಮಲ್ಲಿ ಕೂರಲಿ," ಅಂದರು.

ಆ ದಿನ ಅತ್ತೆ ಮೈಸೂರು ರೇಷ್ಮೆ ಉಟ್ಟು ಹೊರಟರು. ಮೆಟ್ರೋದಲ್ಲಿ ನಾಯಂಡಹಳ್ಳಿ ದಾಟುವಷ್ಟರಲ್ಲಿ ಪಕ್ಕದಲ್ಲಿ ಕೂತವರಿಗೆ ನನ್ನ ಉದ್ಯೋಗ, ಓದು, ಸಾರಿನ ಪುಡಿ ಮಾಡುವುದರಲ್ಲಿ ನಾನು ಎಡವುವುದು ಎಲ್ಲ ತಿಳಿದಿತ್ತು.

ಥ್ರಸ್ಟರ್ ಬಿಸಿಯಾಗಲು ಹೊತ್ತು ಬೇಕು. ಅದರ ಹೊಟ್ಟೆಯೊಳಗೆ ಬೆಳ್ಳಿಯ ಬಲೆಗಳಿವೆ. ಇಂಧನ ಆ ಬಲೆಗಳನ್ನು ಮುಟ್ಟಿದ ಕೂಡಲೇ ಒಡೆದು ಹಬೆಯಾಗಬೇಕು. ಅದು ಕಾಯುವ ತನಕ ಸುಮ್ಮನೆ ಕೂರುವುದೇಕೆ ಎಂದು ಸಾರ್ ಪಂಪಿನ ಪರೀಕ್ಷೆ ಇಟ್ಟುಕೊಂಡರು. ಒಳ್ಳೆಯದೇ ಆಯಿತು, ನನ್ನ ಪ್ರತಾಪ ಅತ್ತೆ ನೋಡಲಿ ಎಂದು ನಾನು ಗತ್ತಿನಿಂದ ಗುಂಡಿ ಒತ್ತಿದೆ. ಅಂಗೈಯಷ್ಟಗಲದ ಚಕ್ರ ಗಿರ್ರನೆ ತಿರುಗಿ, ಸದ್ದು ಏರುತ್ತಾ ಏರುತ್ತಾ ಕಿವಿ ಚುಚ್ಚುವಂತಾಯಿತು.

"ನಮ್ಮನೆ ಮಿಕ್ಸಿ ಥರಾನೇ ಇದೆಯಲ್ಲೇ!" ಎಂದು ಗಾಜಿನಾಚೆಯಿಂದ ಅತ್ತೆ ಕೂಗಿದರು.

ಅದಾದ ಕೂಡಲೇ ನೀರು ಸೋರದಂತೆ ತಡೆಯುವ ಒಂದು ಸೀಲು ಕಿತ್ತುಕೊಂಡಿತು. ನೀರು ಪಿಚಕಾರಿಯಂತೆ ಚಿಮ್ಮಿ ಗಾಜಿಗೆ ರಪರಪ ಬಡಿಯಿತು. ಪಂಪು ನಿಲ್ಲಿಸಿ, ಪ್ಯಾಂಟು ಮಡಚಿ, ನಾನು ನೆಲ ಒರೆಸಲು ಇಳಿದೆ. ಹಿಂಡಿ ಹಿಂಡಿ ಬಕೆಟ್ ತುಂಬಿಸುತ್ತಿದ್ದಾಗ ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಮನೇಲಿ ಒರೆಸು ಅಂದ್ರೆ ಸೊಂಟ ನೋವು ಅಂತೀಯ," ಎಂದು ಮೆಲ್ಲಗೆ ಅಂದರು. ಸಾರ್ ಬೇರೆ ಕಡೆ ತಿರುಗಿಕೊಂಡರು. ಅವರ ಹೆಗಲು ಅಲುಗುತ್ತಿತ್ತು.

ಥ್ರಸ್ಟರ್ ಕಾದ ಮೇಲೆ ಎಲ್ಲರೂ ಕಂಟ್ರೋಲ್ ರೂಮಿನಲ್ಲಿ ಕೂತೆವು. ಹೊರಗಿನವರು ಬಂದಾಗ ಸಾರ್ ತಾವೇ ಎಚ್ಚರಿಕೆಯ ಮಾತು ಹೇಳುತ್ತಾರೆ. "ನೋಡಿಯಮ್ಮಾ, ಈ ಗೋಡೆ ಆಚೆ ಯಾರೂ ಹೋಗೋ ಹಾಗಿಲ್ಲ. ಇಂಧನ ಕೈಗೇನಾದ್ರೂ ತಾಗಿದ್ರೆ ಚರ್ಮ ಬೆಳ್ಳಗಾಗುತ್ತೆ. ಗಾಬರಿ ಬೇಡ, ನೀರಲ್ಲಿ ತೊಳೆದ್ರೆ ಸ್ವಲ್ಪ ಹೊತ್ತಲ್ಲಿ ಹೋಗುತ್ತೆ. ನಿಮ್ಮ ಸೊಸೇನೇ ಕೇಳಿ, ನಮ್ಮಲ್ಲಿ ಅದರ ಅನುಭವ ಅವರಿಗೇ ಜಾಸ್ತಿ."

ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಪರದೆಯ ಮೇಲಿನ ಅಂಕಿಗಳನ್ನು ಓದುವವಳಂತೆ ನಟಿಸಿದೆ. ಅಲ್ಲಿ ಆಗ ಬರೀ ಸೊನ್ನೆಗಳಿದ್ದವು.

ಇಂಧನ ಬಿಟ್ಟೆವು. ಕ್ಯಾಮೆರಾದಲ್ಲಿ ಥ್ರಸ್ಟರಿನ ಬಾಯಿಂದ ಬೆಳ್ಳನೆಯ ಹಬೆ ಬುಸ್ಸೆಂದು ಮೋಡದಂತೆ ನುಗ್ಗಿತು. "ಬಂತು, ಬಂತು!" ಅತ್ತೆ ಸೀಟಿನ ತುದಿಗೆ ಬಂದರು. ಬಲೆ ಸರಿಯಾಗಿ ಕೆಂಪಗೆ ಕಾದಂತೆ ಹಬೆ ತೆಳುವಾಗಿ, ಕೊನೆಗೆ ಪೂರ್ತಿ ಮರೆಯಾಯಿತು. ಇಂಧನವೆಲ್ಲ ಚೆನ್ನಾಗಿ ಒಡೆಯುತ್ತಿದೆ ಎನ್ನುವುದಕ್ಕೆ ಅದೇ ಗುರುತು. ಕೆಲಸ ಸರಿಯಾದಷ್ಟೂ ನೋಡಲು ಏನೂ ಇರುವುದಿಲ್ಲ. ಪರದೆಯ ಮೇಲೆ ಒತ್ತಡ ತೋರಿಸುವ ಗೆರೆ ನೇರವಾಗಿ ನಿಂತಿತು, ಒಂದು ಚೂರೂ ನಡುಗಲಿಲ್ಲ. ತಿಂಗಳುಗಟ್ಟಲೆ ನಾವು ಕಾದಿದ್ದ ಗೆರೆ ಅದು. ನಾವೆಲ್ಲ ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಿದೆವು.

"ಅಯ್ಯೋ ಪಾಪ, ಆರಿಹೋಯ್ತಲ್ಲ," ಅತ್ತೆ ಹಣೆ ಚಚ್ಚಿಕೊಂಡರು. "ಇರಲಿ ಬಿಡ್ರಪ್ಪಾ, ಇನ್ನೊಂದು ಸಲ ಹಚ್ಚಿ ನೋಡಿ."

ಸಾರ್ ಮೊದಲ ಸಲ ಯಾವ ಪರೀಕ್ಷೆಯನ್ನೂ ನಡೆಸದೆ ಜೋರಾಗಿ ನಕ್ಕುಬಿಟ್ಟರು.

ವಾಪಸು ಬರುವಾಗ ಮೆಟ್ರೋ ಖಾಲಿ ಇತ್ತು. ಅತ್ತೆ ಕಿಟಕಿಯಾಚೆ ನೋಡುತ್ತಲೇ, "ಮೊದಲೇ ಹೇಳಬಾರದಿತ್ತಾ?" ಅಂದರು.

"ಹೇಳಿದ್ನಲ್ಲ ಅತ್ತೆ. ಎಷ್ಟು ಸಲ."

"ನೀನು ಹೇಳಿದ್ರೆ? ಆ ಸಾರ್ ಥರ ಯಾರಾದ್ರೂ ತೂಕ ಇರೋರ ಕೈಲಿ ಹೇಳಿಸ್ಬೇಕಿತ್ತು." ಆಮೇಲೆ ದನಿ ತಗ್ಗಿಸಿ, "ನಾನು ಕಾಫಿ ಬಿಟ್ಟು ಎಷ್ಟು ದಿನ ಆಯ್ತು ಗೊತ್ತಾ? ಅದು ವಾಸಿ ಆಗೋವರೆಗೂ ಮುಟ್ಟಲ್ಲ ಅಂತ ಹರಕೆ ಹೊತ್ತಿದ್ದೆ," ಅಂದರು.

ನನಗೆ ತಿಳಿದೇ ಇರಲಿಲ್ಲ. ಎರಡು ನಿಂಬೆಹಣ್ಣಿನ ತೂಕದಲ್ಲಿ ಕೂದಲೆಳೆಯಷ್ಟು ಏರುಪೇರಾದರೂ ಹಿಡಿಯುವವಳು ನಾನು. ಬೆಳಿಗ್ಗೆ ಎದುರು ಕೂತು ನಾನು ಲೋಟ ಎತ್ತಿದಾಗ ಅತ್ತೆ ಬಿಸಿನೀರು ಕುಡಿಯುತ್ತಿದ್ದದ್ದು ಮಾತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವರ ಕೈ ಹಿಡಿದುಕೊಂಡೆ.

ವಿಜಯನಗರದಲ್ಲಿ ಇಳಿದವರೇ ನೇರ ಹೋಟೆಲಿಗೆ ಹೋದೆವು. ಅತ್ತೆ ನಿಂತುಕೊಂಡೇ ಎರಡು ಕಾಫಿ ಕುಡಿದರು. ಎರಡನೆಯ ಲೋಟ ಕೆಳಗಿಟ್ಟು, "ಅಷ್ಟು ಒತ್ತಡ, ಅಷ್ಟು ಬಿಸಿ. ನಿಂಗೆ ಭಯ ಆಗಲ್ವೇನೇ?" ಅಂತ ಕೇಳಿದರು.

"ಆಗುತ್ತೆ ಅತ್ತೆ. ಪ್ರತಿ ಸಲಾನೂ ಆಗುತ್ತೆ."

"ಹೂಂ. ಆಗ್ಬೇಕು. ಭಯ ಇಲ್ದಿರೋರ ಕೈಗೆ ಇಂಥದ್ದೆಲ್ಲ ಕೊಡಬಾರದು," ಅಂದು ಸೆರಗಿನಿಂದ ಬಾಯಿ ಒರೆಸಿಕೊಂಡರು.

ಈಗ ನಾನು ಉದ್ದ ತೋಳಿನ ದಪ್ಪ ಗ್ಲೌಸು ಹಾಕುತ್ತೇನೆ, ತೊಳೆದೇ ಬಿಚ್ಚುತ್ತೇನೆ. ಅತ್ತೆ ಸಂಜೆ ಬಾಗಿಲಲ್ಲೇ ನನ್ನ ಎರಡೂ ಕೈ ಬೆಳಕಿಗೆ ಹಿಡಿದು ನೋಡಿ ಒಳಗೆ ಬಿಡುತ್ತಾರೆ. ಮೊನ್ನೆ ಪಾರ್ಕಿನ ಹತ್ತಿರ ಹಾದುಹೋಗುವಾಗ ಅವರ ದನಿ ಕೇಳಿಸಿತು. ಗೆಳತಿಯರ ನಡುವೆ ಕೂತು, ಕೈಯನ್ನು ತಲೆಯಿಂದ ಮೇಲಕ್ಕೆ ಚಾಚಿ, "ಇಷ್ಟೆತ್ತರ ಬೆಂಕಿ ಕಣ್ರೇ! ನಾನೇ ಕಣ್ಣಾರೆ ನೋಡ್ದೆ," ಅನ್ನುತ್ತಿದ್ದರು. ನಾನು ತಲೆ ತಗ್ಗಿಸಿ ಬೇರೆ ದಾರಿ ಹಿಡಿದೆ.