ನಂದು ಅಂತ ಕೂಗಲು ಕಲಿಸಿದವರು

ನಮ್ಮ ಸರ್ ಅವರ ಬಲಗೈಯ ತೋರುಬೆರಳು ನಡುಗಿಣ್ಣಿನಿಂದ ಆಚೆಗೆ ಹೊರಳಿದೆ. ಅವರು ಒಬ್ಬರನ್ನು ತೋರಿಸಿದರೆ ಬೆರಳು ಪಕ್ಕದವರನ್ನು ತೋರಿಸುತ್ತದೆ. ಹೀಗಾಗಿ ಕಾಲೇಜಿನ ವಾಲಿಬಾಲ್ ಅಂಕಣದಲ್ಲಿ ಅವರು "ತೂ ಯೇ" ಎಂದು ಮರಾಠಿಯಲ್ಲಿ ಒಬ್ಬಳನ್ನು ಕರೆದಾಗಲೆಲ್ಲ ಇಬ್ಬರು ಓಡಿ ಹೋಗಿ, ಇಬ್ಬರೂ ಬೈಸಿಕೊಂಡು ವಾಪಸಾಗುತ್ತಿದ್ದೆವು. ಪುಣೆಯ ಕೋಥರೂಡಿನ ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ "ಆ ಬಿಲ್ಡಿಂಗ್ ಕಟ್ಟಿದ್ದು ನಮ್ಮಪ್ಪ" ಎಂದು ಅವರು ಅಭಿಮಾನದಿಂದ ಕೈ ಚಾಚಿದರೆ ನೋಡುವವರ ಕಣ್ಣು ಪಕ್ಕದ ಆಸ್ಪತ್ರೆಯ ಮೇಲೆ ಬೀಳುತ್ತಿತ್ತು.

ಅವರಪ್ಪ ಸೇಡಂ ಕಡೆಯಿಂದ ಪುಣೆಗೆ ಬಂದ ಗೌಂಡಿ. ನಮ್ಮಪ್ಪನೂ ಗೌಂಡಿಯೇ, ಒಂದು ತಲೆಮಾರು ತಡವಾಗಿ ಬಂದವನು. ಸರ್ ಆಟ ಕಲಿತದ್ದು ಅರ್ಧ ಎದ್ದ ಕಟ್ಟಡಗಳ ನಡುವೆ. ಎರಡು ಕಂಬಗಳಿಗೆ ಹಗ್ಗ ಬಿಗಿದರೆ ಅದೇ ನೆಟ್. ಅವರ ಎತ್ತರ, ನೆಗೆತ ನೋಡಿ ಕುರಕುಂಭದ ಕೆಮಿಕಲ್ ಫ್ಯಾಕ್ಟರಿಯೊಂದು ತನ್ನ ತಂಡಕ್ಕೆ ಸೇರಿಸಿಕೊಂಡು ಕೆಲಸವನ್ನೂ ಕೊಟ್ಟಿತು. ಬೆರಳು ಸೊಟ್ಟಗಾದದ್ದು ಅಲ್ಲಿಯೇ. ಎದುರಿನವರ ಹೊಡೆತ ತಡೆಯುವಾಗ ಮುರಿದ ಬೆರಳನ್ನು ಪಕ್ಕದ ಬೆರಳಿಗೆ ಸೇರಿಸಿ, ವೈರಿಗೆ ಸುತ್ತುವ ಕಪ್ಪು ಟೇಪು ಸುತ್ತಿ ಆಟ ಮುಗಿಸಿದರಂತೆ. ಗೆದ್ದ ಸಂಭ್ರಮದಲ್ಲಿ ಡಾಕ್ಟರ ನೆನಪು ಯಾರಿಗೂ ಆಗಲಿಲ್ಲ.

ಮುಂದೆ ಫ್ಯಾಕ್ಟರಿಗೆ ಆಟ ಬೇಡವಾಯಿತು, ತಂಡ ಒಡೆಯಿತು. ಗೆಳೆಯರೊಬ್ಬರು "ಒಂದೆರಡು ತಿಂಗಳು ಹುಡುಗಿಯರಿಗೆ ಕಲಿಸು" ಎಂದು ನಮ್ಮ ಕಾಲೇಜಿಗೆ ಕರೆತಂದರು. ಆ ಒಂದೆರಡು ತಿಂಗಳು ಅವರ ತಲೆ ನರೆಯುವ ತನಕ ಎಳೆಯಿತು. ಏಪ್ರಿಲ್‌ನಲ್ಲಿ ಕೆಲಸದಿಂದ ಬಿಡುಗಡೆ, ಜೂನ್‌ನಲ್ಲಿ ಮತ್ತೆ ಹೊಸದಾಗಿ ನೇಮಕ. "ನಾ ಛತ್ರಿ ಇದ್ದಂಗವ್ವಾ, ಜೂನ್ ಬಂತಂದ್ರ ಹುಡುಕ್ತಾರ" ಎಂದು ನಗುತ್ತಿದ್ದರು. ಆ ನಗುವಿನ ಹಿಂದೆ ಏನಿತ್ತೆಂದು ಆಗ ನಾನು ಯೋಚಿಸಿದವಳಲ್ಲ.

ನಾನು ತಂಡಕ್ಕೆ ಸೇರಿದ್ದು ಎತ್ತರದ ಬಲದಿಂದ. ಬಾಯಿ ಮಾತ್ರ ಇರಲಿಲ್ಲ. ವಾಲಿಬಾಲ್‌ನಲ್ಲಿ ಚೆಂಡು ಇಬ್ಬರ ನಡುವೆ ಬಂದಾಗ ತೆಗೆದುಕೊಳ್ಳುವವರು ಕೂಗಿ ಹೇಳಬೇಕು. ಉಳಿದ ಹುಡುಗಿಯರು ಚೆಂಡು ನನ್ನದು ಎನ್ನಲು ಮರಾಠಿಯಲ್ಲಿ "ಮಾಝಾ! ಮಾಝಾ!" ಎಂದು ಮೈದಾನ ಹಾರಿಹೋಗುವಂತೆ ಕೂಗುತ್ತಿದ್ದರು. ನನಗೆ ಗಂಟಲೇ ಏಳುತ್ತಿರಲಿಲ್ಲ. ಕೂಲಿಯವರ ಶೆಡ್ಡಿನಲ್ಲಿ ಬೆಳೆದವಳು ನಾನು. ನಲ್ಲಿಯ ಸಾಲಿನಲ್ಲಿ ನನ್ನ ದನಿ ಸ್ವಲ್ಪ ಏರಿದರೂ ಅವ್ವ "ಬಾಯಿ ಮಾಡಬ್ಯಾಡ, ಇದು ನಮ್ಮೂರಲ್ಲ" ಎಂದು ಚಿವುಟುತ್ತಿದ್ದಳು. ಒಂದು ಪಂದ್ಯದ ಕೊನೆಯ ಚೆಂಡು ನನಗೂ ಪಕ್ಕದವಳಿಗೂ ಸರಿಯಾಗಿ ನಡುವೆ ಬಂತು. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಚೆಂಡು ನೆಲಕ್ಕೆ ಬಿತ್ತು, ಪಂದ್ಯವೂ ಹೋಯಿತು. "ಅಯ್ಯ ಶಿವನ" ಎಂದು ನನ್ನ ಬಾಯಿಂದ ಹೊರಟಿತು.

ಸರ್ ಹತ್ತಿರ ಬಂದರು. ನಾನು ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ.

"ಯಾವೂರವ್ವಾ ನಿಂದು?"

ಅವರ ಬಾಯಲ್ಲಿ ಕನ್ನಡ ಕೇಳಿ ಗಾಬರಿಯೇ ಆಯಿತು. "ಯಾದಗಿರಿ ಕಡೀರಿ, ಸರ್."

"ಮತ್ತ ಯಾಕ ಕೂಗಲಿಲ್ಲ?"

"ಮರಾಠಿ ಸರಿ ಬರಂಗಿಲ್ರಿ. ಎಲ್ಲಾರೂ ನಗ್ತಾರ."

"ಬಾಲಿಗೇನ್ ಮರಾಠಿ ಬರ್ತದೇನು? ನಿಮ್ಮವ್ವನ ಕೂಡ ಹೆಂಗ ಮಾತಾಡ್ತಿ, ಹಂಗ ಕೂಗು. ನಾಚ್ಕೋತ ನಿಂತ ಇಬ್ಬರ ನಡುವ ಬಂದ ಬಾಲ್ ನೆಲದ ಪಾಲು."

ಮರುದಿನ ನನ್ನ ಕೈಗೆ ಚೆಂಡೇ ಕೊಡಲಿಲ್ಲ. ಮೈದಾನದ ಆ ತುದಿಯ ಬೇವಿನ ಮರದ ಕೆಳಗೆ ತಾವು ನಿಂತು, ಈ ತುದಿಯಲ್ಲಿ ನನ್ನನ್ನು ನಿಲ್ಲಿಸಿ ಕೂಗಿಸಿದರು. ಪ್ರತಿ ಸಲವೂ ಅಲ್ಲಿಂದ ಒಂದೇ ಉತ್ತರ: "ಕೇಳಸವಲ್ದು!" ಕಡೆಗೆ ನನಗೆ ಸಿಟ್ಟು ನೆತ್ತಿಗೇರಿ "ನಂದು!" ಎಂದು ಕಿರುಚಿದ ರಭಸಕ್ಕೆ ಕ್ಯಾಂಟೀನಿನವರು ಹೊರಗೆ ಬಂದು ನೋಡಿದರು. ಸರ್ ಏನೂ ಹೇಳದೆ ನೀರು ಕುಡಿಯಲು ಹೋದರು. ಅವರು ಯಾರನ್ನೂ ಎದುರಿಗೆ ಹೊಗಳಿದವರಲ್ಲ. ಆಟ ಮನಸ್ಸಿಗೆ ಬಂದರೆ ಸುಮ್ಮನೆ ಎದ್ದು ನೀರು ಕುಡಿಯಲು ಹೋಗುತ್ತಿದ್ದರು. ಅದೇ ಅವರ ಶಹಬ್ಬಾಸ್ ಎಂದು ನಮಗೆಲ್ಲ ಗೊತ್ತಿತ್ತು. ಕೆಲವೇ ದಿನಗಳಲ್ಲಿ ಮರಾಠಿ ಹುಡುಗಿಯರೂ ತಮಾಷೆಗೆ "ನಂದು" ಎನ್ನತೊಡಗಿದರು. ತಮಾಷೆ ಹೋಗಿ ಅದೇ ರೂಢಿಯಾಯಿತು.

ನನ್ನ ಬಿ.ಎ. ಮುಗಿದಾಗ ಸರ್ ನಮ್ಮ ಮನೆಗೆ ಬಂದರು. ಅವ್ವ ಕೊಟ್ಟ ರೊಟ್ಟಿ, ಶೇಂಗಾ ಹಿಂಡಿ ತಿಂದು, ನನ್ನನ್ನು ದೈಹಿಕ ಶಿಕ್ಷಣದ ಪದವಿಗೆ ಕಳಿಸಲು ಅಪ್ಪ ಒಪ್ಪುವ ತನಕ ಜಾಗ ಬಿಟ್ಟು ಏಳಲಿಲ್ಲ. "ನನ್ನ ಹತ್ರ ಬೆರಳು ಅದ, ಕಾಗದ ಇಲ್ಲ, ತಮ್ಮಾ. ಇಕೀ ಹತ್ರ ಕಾಗದಾನೂ ಇರ್ಲಿ" ಎಂದರು.

ಆ ಕಾಗದವೇ ನನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಿತು. ನಾನು ಪದವಿ ಮುಗಿಸಿ ಬಂದ ವರ್ಷವೇ ಕಾಲೇಜಿನವರು ಕೋಚ್ ಕೆಲಸವನ್ನು ಕಾಯಂ ಮಾಡಿದರು, ಆದರೆ ಪದವಿ ಇದ್ದವರಿಗೆ ಮಾತ್ರ. ಯಾರೂ ಸಿಗದಿದ್ದರೆ ಹುಡುಗಿಯರ ತಂಡ ನಿಲ್ಲಿಸಿ ಅಂಕಣವನ್ನು ಪಾರ್ಕಿಂಗಿಗೆ ಬಿಟ್ಟುಕೊಡುವ ಮಾತೂ ನಡೆದಿತ್ತು. ಸರ್ ನನಗೆ ಏನೂ ಹೇಳಲಿಲ್ಲ. ನಾನೂ ಅರ್ಜಿ ಹಾಕಲಿಲ್ಲ. ಗುರುವನ್ನು ಎಬ್ಬಿಸಿ ಅವರ ಜಾಗದಲ್ಲಿ ಕೂರುವುದೆಂದರೆ ಉಂಡ ಮನೆಗೆ ಎರಡು ಬಗೆದಂತೆ ಅನ್ನಿಸಿತು. ಮಗರಪಟ್ಟಾದ ಜಿಮ್ ಒಂದರಲ್ಲಿ ಕೆಲಸ ಹಿಡಿದು ಸುಮ್ಮನಾದೆ.

ಅರ್ಜಿಯ ಕೊನೆಯ ದಿನ ಮಧ್ಯಾಹ್ನ ಸರ್ ಹೆಲ್ಮೆಟ್ಟನ್ನೂ ತೆಗೆಯದೆ ಆ ಜಿಮ್ಮಿನೊಳಗೆ ಬಂದರು.

"ಅರ್ಜಿ ಯಾಕ ಹಾಕಿಲ್ಲ?"

"ಅದು ನಿಮ್ಮ ಜಾಗ ಅದರಿ ಸರ್. ನನ್ನ ಕೈಲೆ ಆಗಂಗಿಲ್ಲ."

"ನಾ ನೀ ಹಾಕ್ತಿ ಅಂತ ನಿನ್ನ ನೋಡ್ಕೋತ ನಿಂತೀನಿ. ನೀ ನನ್ನ ನೋಡ್ಕೋತ ನಿಂತಿ. ಬಾಲ್ ಎಲ್ಲಿ ಬೀಳ್ತದ?"

ನನಗೆ ಅಳು ತಡೆಯಲಾಗಲಿಲ್ಲ. ಟ್ರೆಡ್‌ಮಿಲ್ ಮೇಲಿದ್ದವರು ಓಡುತ್ತಲೇ ನಮ್ಮನ್ನು ನೋಡುತ್ತಿದ್ದರು. "ನೀವೇನ್ ಮಾಡ್ತೀರಿ ಸರ್?" ಎಂದೆ.

"ಕೂಗಿದಾಕಿ ತಗೋತಾಳ, ಉಳಿದವ್ರು ಹಿಂದ ನಿಂತು ಸಾವರಿಸ್ತಾರ. ಇಷ್ಟ್ ವರ್ಷ ಮತ್ತೇನ್ ಕಲಿಸೀನಿ? ಕೂಗು."

"ಇಲ್ಲೇನ್ರಿ?"

"ಇಲ್ಲೇ."

ಕೂಗಿದೆ. ಮ್ಯಾನೇಜರ್ ಏನಾಯಿತೋ ಎಂದು ಓಡಿ ಬಂದ. ಅವನಿಗೆ ವಿವರಿಸುವಷ್ಟು ಪುರುಸೊತ್ತು ಸರ್ ಕೊಡಲಿಲ್ಲ. ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಊರ ಟ್ರಾಫಿಕ್ಕಿನಲ್ಲೆಲ್ಲ ನುಸುಳಿ, ಆಫೀಸು ಮುಚ್ಚುವ ಮೊದಲು ಕಾಲೇಜಿನ ಬಾಗಿಲಿಗೆ ನನ್ನನ್ನು ಇಳಿಸಿದರು.

ಕೆಲಸ ನನಗೇ ಸಿಕ್ಕಿತು. ಮೊದಲ ದಿನ ನಾನು ಹೋಗುವಷ್ಟರಲ್ಲಿ ಸರ್ ಅಂಕಣಕ್ಕೆ ನೀರು ಚಿಮುಕಿಸಿ ನೆಟ್ ಕಟ್ಟಿದ್ದರು. ಹುಡುಗಿಯರು ಅಭ್ಯಾಸಬಲದಿಂದ ಅವರೆದುರು ಸಾಲಾಗಿ ನಿಂತರು. "ಕೋಚ್ ಅಲ್ಲಿದ್ದಾರೆ, ಅವರನ್ನು ಕೇಳಿ" ಎಂದು ಮರಾಠಿಯಲ್ಲಿ ಹೇಳಿ ಸರ್ ಬೆರಳು ಚಾಚಿದರು. ಬೆರಳು ಬೇವಿನ ಮರವನ್ನು ತೋರಿಸುತ್ತಿತ್ತು. ಆದರೂ ಅಷ್ಟೂ ಹುಡುಗಿಯರು ನನ್ನ ಕಡೆಗೇ ತಿರುಗಿದರು.

ಅಂದಿನಿಂದ ಅವರು ಬೆಳಿಗ್ಗೆ, ತಮ್ಮಪ್ಪ ಕಟ್ಟಿದ ಸೊಸೈಟಿಗಳಲ್ಲೇ ಮಕ್ಕಳಿಗೆ ಆಟ ಕಲಿಸುತ್ತಾರೆ. ಸಂಜೆ ಯಾರೂ ಕರೆಯದಿದ್ದರೂ ನಮ್ಮ ಅಂಕಣಕ್ಕೆ ಬಂದು ಹಿಂದೆ ನಿಲ್ಲುತ್ತಿದ್ದರು. ಹುಡುಗಿಯರೆದುರು ನನ್ನನ್ನು "ಮೇಡಂ" ಎನ್ನುತ್ತಾರೆ. ನಾನು ಎಷ್ಟು ಬೇಡವೆಂದರೂ ಬಿಟ್ಟಿಲ್ಲ. ಇಂದು ಬ್ಯಾಂಕಿನಲ್ಲಾಗಲಿ, ಪ್ರಿನ್ಸಿಪಾಲರ ಕೋಣೆಯಲ್ಲಾಗಲಿ ನಾನು ತಲೆಯೆತ್ತಿ ಮಾತಾಡುತ್ತೇನೆ. ಆ ದನಿ ಅವರು ಕೊಟ್ಟದ್ದು. ಈ ಋಣ ತೀರಿಸುವ ದಾರಿ ನನಗೆ ಗೊತ್ತಿಲ್ಲ. ತೀರಿಸಿ ಕೈತೊಳೆದುಕೊಳ್ಳುವ ಆಸೆಯೂ ಇಲ್ಲ.

ಈಗ ಅವರ ಮೊಣಕಾಲು ಸೋತಿವೆ. ಕಂಬದ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಮೊನ್ನೆ ಚೆಂಡೊಂದು ಗುರಿ ತಪ್ಪಿ ಅವರ ತಲೆಯ ಕಡೆಗೇ ಹಾರಿತು. ಇಬ್ಬರು ಹುಡುಗಿಯರು ಓಡಿದರು, ನಾನೂ ಓಡಿದೆ.

"ನಂದು!"

ಕೂಗು ಕುರ್ಚಿಯಿಂದ ಬಂದಿತ್ತು. ನಾವೆಲ್ಲ ನಿಂತಲ್ಲೇ ನಿಂತೆವು. ಸರ್ ಕೂತಲ್ಲಿಂದಲೇ ಎರಡೂ ಕೈ ಎತ್ತಿ, ಆ ಸೊಟ್ಟ ಬೆರಳಿನಿಂದಲೇ ಚೆಂಡನ್ನು ಎತ್ತರಕ್ಕೆ ಕಳಿಸಿದರು. ಅದು ನೇರವಾಗಿ ನನ್ನ ಕೈಗೆ ಬಂದು ಬಿತ್ತು. ಎಲ್ಲರಿಗೂ ಕೂಗಲು ಕಲಿಸಿದ ಆ ಮನುಷ್ಯ ತಮಗಾಗಿ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹುಡುಗಿಯರು ಚಪ್ಪಾಳೆ ತಟ್ಟುತ್ತಿದ್ದರು. ಸರ್ ನನ್ನ ಮುಖ ನೋಡುತ್ತಿದ್ದರು. ನಾನು ಏನೂ ಹೇಳದೆ ನೀರು ಕುಡಿಯಲು ಹೋದೆ.